ತಿಮಿಂಗಿಲ ಗುಡ್ಡದ ದೇಗುಲ

ಹೆಸರು ಹೇಳುವುದರಲ್ಲಿಯೇ ಮೊದಲ ತಪ್ಪು ಮಾಡಿದೆ. ಹವಾಯಿ ದ್ವೀಪಸಮೂಹದಲ್ಲೆಲ್ಲ ದೊಡ್ಡದು ಹವಾಯಿ ಎಂಬ ಹೆಸರಿನದೇ ಒಂದು ದ್ವೀಪ. ಅದರ ವಾಯವ್ಯ ತೀರದಲ್ಲಿ, ಕವೈಹಾಯೆ ಎಂಬ ಬಂದರಿನ ಮಗ್ಗುಲಿಗೆ, ಪುಉಕೊಹೊಲಾ ಎಂಬ ಪುರಾತನ ದೇವಸ್ಥಾನವಿದೆ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ವ್ಯಾಕರಣ ಹೇಳುತ್ತ ಬಂದವನಿಗೆ ಎರಡು ಉಕಾರಗಳು ಎದುರುಬದುರು ನಿಂತರೆ ಕೈಕಟ್ಟಿ ಕುಳಿತಿರಲು ಸಾಧ್ಯವೆ? ಸವರ್ಣದೀರ್ಘ ಸಂಧಿ ಮಾಡಿ "ಪೂಕೊಹೊಲಾ" ಎಂದುಬಿಟ್ಟೆ. ಕಾರಿನ ಹಿಂದಿನ ಆಸನದಲ್ಲಿ ಕುಳಿತಿದ್ದ ಹನ್ನೆರಡು ವರ್ಷದ ಸೋದರ ಸೊಸೆ ನಕ್ಕಳು. "ಮಾಮ, ಅಲ್ಲಿ ಸೇರಿಸಬಾರದು, ನಿಲ್ಲಬೇಕು. ಪುಉ ಅಂದರೆ ಗುಡ್ಡ. ಪೂ ಅಂದರೆ ಶಂಖ. ಫಿರಂಗಿಗೂ ಹಾಗೇ ಅನ್ನುತ್ತಾರೆ" ಎಂದಳು. ಎರಡು ಸ್ವರಗಳ ನಡುವಣ ಆ ತಡೆಯೂ ಹವಾಯಿ ಭಾಷೆಯಲ್ಲಿ ಒಂದು ವ್ಯಂಜನ. ಅದಕ್ಕೆ ಓಕಿನ ಎಂದು ಹೆಸರು. ಒಟ್ಟು ಹದಿಮೂರು ಅಕ್ಷರಗಳ ವರ್ಣಮಾಲೆಯಲ್ಲಿ ಮೌನಕ್ಕೂ ಒಂದು ಸ್ಥಾನ ಕೊಟ್ಟವರನ್ನು ನಾನು ಆ ದಿನದವರೆಗೆ ಕಂಡಿರಲಿಲ್ಲ. ಕೊಹೊಲಾ ಎಂದರೆ ತಿಮಿಂಗಿಲ. ಅಂತೂ ನಾವು ಹೊರಟಿದ್ದುದು ತಿಮಿಂಗಿಲ ಗುಡ್ಡಕ್ಕೆ.

ನನ್ನ ತಂಗಿಯ ಮನೆ ವೈಮೇಯಾ ಎಂಬ ಊರಿನಲ್ಲಿದೆ. ಅವಳ ಗಂಡ ಮೌನ ಕೇಯ ಬೆಟ್ಟದ ಮೇಲಿರುವ ಖಗೋಳ ವೀಕ್ಷಣಾಲಯವೊಂದರಲ್ಲಿ ಎಂಜಿನಿಯರು. ಅದರ ಕಚೇರಿ ಕೆಳಗೆ ಈ ಊರಿನಲ್ಲಿ. ಮೌನ ಎಂದರೆ ಆ ಭಾಷೆಯಲ್ಲಿ ಬೆಟ್ಟವೆಂದು ತಿಳಿದಾಗ, ನಮ್ಮ ಮಾತಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಬಲ್ಲೆನಾದರೂ, ಮನಸ್ಸಿಗೆ ಹಿತವೆನಿಸಿತು. ರಜೆಯಲ್ಲಿ ಅಲ್ಲಿಗೆ ಹೋಗಿದ್ದವನು ಮೂರು ದಿನ ವೈಮೇಯಾದ ಚಳಿಗಾಳಿಯನ್ನೂ ತುಂತುರು ಮಳೆಯನ್ನೂ ದನ ಮೇಯುವ ಹಸುರು ಬಯಲುಗಳನ್ನೂ ನೋಡಿ ಕಾಲ ಕಳೆದೆ. ನಾಲ್ಕನೆಯ ದಿನ ಭಾನುವಾರ. ತಂಗಿಯೂ ಮಗಳೂ ನನ್ನನ್ನು ಹೊರಡಿಸಿದರು.

ವೈಮೇಯಾದಿಂದ ಕವೈಹಾಯೆಗೆ ಹತ್ತು ಮೈಲಿಯಷ್ಟೆ. ಆದರೆ ಆ ಹತ್ತು ಮೈಲಿಯಲ್ಲಿ ಲೋಕವೇ ಬದಲಾಗುತ್ತದೆ. ಹಸುರು ಸವೆಯುತ್ತ ಸವೆಯುತ್ತ ಒಣಹುಲ್ಲಾಗುತ್ತದೆ. ಒಣಹುಲ್ಲಿನ ನಡುವೆ ಕರಿಯ ಲಾವಾ ಕಲ್ಲುಗಳು ತಲೆಯೆತ್ತುತ್ತವೆ. ಸಮುದ್ರ ಕಾಣುವ ಹೊತ್ತಿಗೆ ಬಿಸಿಲು ಬಳ್ಳಾರಿಯದಾಗಿರುತ್ತದೆ. ಉಪಮೆಗಾಗಿ ಹೇಳಿದ ಮಾತಲ್ಲ ಇದು. ಅಲ್ಲಿ ದಾರಿಯುದ್ದಕ್ಕೂ ನಿಂತಿರುವ ಮುಳ್ಳುಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಕಿಯಾವೆ ಎಂದು ಅಲ್ಲಿಯವರು ಕರೆಯುತ್ತಾರೆ. 1828ರಲ್ಲಿ ಪಾದ್ರಿಯೊಬ್ಬರು ಹೊನೊಲುಲುವಿನಲ್ಲಿ ನೆಟ್ಟ ಒಂದು ಸಸಿಯಿಂದ ಮೊದಲಾಗಿ ದ್ವೀಪಗಳ ಒಣಭೂಮಿಯನ್ನೆಲ್ಲ ಅದು ಆಕ್ರಮಿಸಿತು. ಮನೆಯಿಂದ ಎಂಟು ಸಾವಿರ ಮೈಲಿ ಆಚೆಗೆ, ಶಾಂತಸಾಗರದ ನಟ್ಟನಡುವೆ, ಊರ ಬೇಲಿಯ ಮುಳ್ಳು ಕಾಣಿಸಿಕೊಂಡಾಗ ಆಗುವ ಸಂತೋಷ ವಿಚಿತ್ರವಾದುದು.

ಗುಡ್ಡ ದೊಡ್ಡದಲ್ಲ. ಅದರ ನೆತ್ತಿಯ ಮೇಲೆ ಕಲ್ಲಿನ ಒಂದು ಮಹಾವೇದಿಕೆ ಮಲಗಿದೆ: 224 ಅಡಿ ಉದ್ದ, 100 ಅಡಿ ಅಗಲ. ಗೋಪುರವಿಲ್ಲ, ಶಿಖರವಿಲ್ಲ, ಕಂಬವಿಲ್ಲ, ಒಂದು ಕೆತ್ತನೆಯ ಗೀರೂ ಇಲ್ಲ. ನೀರಿನ ಹೊಡೆತಕ್ಕೆ ನುಣುಪಾದ ಕೆಂಗಪ್ಪು ಕಲ್ಲುಗಳು, ಗಾರೆಯಿಲ್ಲದೆ, ಒಂದರ ಮೇಲೊಂದು ಕೂತಿವೆ, ಅಷ್ಟೆ. ಕಾರಿನಿಂದ ಇಳಿದವನಿಗೆ ಮೊದಲು ಅನಿಸಿದುದನ್ನು ಮುಚ್ಚಿಡದೆ ಹೇಳುತ್ತೇನೆ: ಇದನ್ನು ನೋಡಲು ಇಷ್ಟು ದೂರ ಬರಬೇಕಾಗಿತ್ತೆ? ಬೇಲೂರು ಹಳೇಬೀಡುಗಳಿಗೆ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದೊಯ್ದು, ಮದನಿಕೆಯರ ಕಿರುಬೆರಳಿನ ಸೊಗಸನ್ನು ಬಣ್ಣಿಸಿ ಬಣ್ಣಿಸಿ ಕೆಟ್ಟುಹೋದ ಕಣ್ಣು ನನ್ನದು. ದೇವಸ್ಥಾನವೆಂದರೆ ಕೆತ್ತಿದುದು ಎಂಬ ಭ್ರಮೆ ಅಷ್ಟು ಸುಲಭವಾಗಿ ಹರಿಯುವುದಿಲ್ಲ.

ಈ ಸ್ಥಳ 1972ರಿಂದ ರಾಷ್ಟ್ರೀಯ ಐತಿಹಾಸಿಕ ತಾಣವಾಗಿದೆ. ಬಂದವರಿಗೆ ಮಾಹಿತಿ ನೀಡುವ ಸಣ್ಣ ಕಟ್ಟಡದ ನೆರಳಿನಲ್ಲಿ ಹುಲ್ಲಿನ ಟೋಪಿ ತೊಟ್ಟ ಒಬ್ಬ ವೃದ್ಧರು ಕುಳಿತಿದ್ದರು. ಎಪ್ಪತ್ತು ದಾಟಿದ ವಯಸ್ಸು. ಸಂಬಳವಿಲ್ಲದೆ ಸೇವೆ ಮಾಡುವವರು. ಅವರನ್ನು ಕೇಳಿದೆ: "ಮೇಲಿನ ಆ ಹಾಳು ದೇಗುಲಕ್ಕೆ ಹತ್ತುವ ದಾರಿ ಯಾವುದು?"

ಅವರು ಗುಡ್ಡದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. "ಯಾವ ಹಾಳು?" ಎಂದರು. ಕೊಂಕಿನ ಮಾತಲ್ಲ, ನಿಜವಾಗಿಯೂ ಕೇಳಿದರು. ಆಮೇಲೆ, "ಹತ್ತುವಂತಿಲ್ಲ. ಕೆಳಗಿನ ದಾರಿಯಲ್ಲಿ ಸುತ್ತಿ ನೋಡಬಹುದು. ನಾನೂ ಸುಮ್ಮಸುಮ್ಮನೆ ಹತ್ತುವುದಿಲ್ಲ, ಕೆಲಸವಿದ್ದರೆ ಹತ್ತುತ್ತೇನೆ" ಎಂದರು.

ನಾವು ಕನ್ನಡಿಗರು "ಹಾಳು ಹಂಪೆ" ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ವಿರೂಪಾಕ್ಷನಿಗೆ ಇಂದಿಗೂ ನಿತ್ಯ ಪೂಜೆ ನಡೆಯುತ್ತಿದೆ, ಜಾತ್ರೆಗೆ ತೇರು ಎಳೆಯುತ್ತಾರೆ. ಆದರೂ ನಮ್ಮ ಬಾಯಲ್ಲಿ ಅದು ಹಾಳು. ಆ ಮಾತನ್ನು ಅಲ್ಲಿಗೂ ಹೊತ್ತುಕೊಂಡು ಹೋಗಿದ್ದೆನಲ್ಲ ಎಂದು ನಾಚಿಕೆಯಾಯಿತು. ಬಿಸಿಲೇರುತ್ತಿತ್ತು. ವೃದ್ಧರು ಎದ್ದು, ಕೋಲು ತೆಗೆದುಕೊಂಡು, "ಬನ್ನಿ, ನಾನೂ ಅರ್ಧ ದಾರಿ ಬರುತ್ತೇನೆ" ಎಂದರು. ಪೂರ್ತಿ ದಾರಿಯೂ ಬಂದರು.

ಹವಾಯಿ ಜನ ಇಂಥ ಸ್ಥಳವನ್ನು ಹೇಯಿಯಾವು ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಸಮನಾದ ಪದ ನನಗೆ ಹೊಳೆಯಲಿಲ್ಲ. ಆಲಯವೆಂದರೆ ಸೂರು ಇರಬೇಕು. ಇಲ್ಲಿ ಆಕಾಶವೇ ಸೂರು. ಕಲ್ಲಿನ ಜಗಲಿಯ ಮೇಲೆ ಹಿಂದೆ ಹುಲ್ಲು ಹೊದೆಸಿದ ಸಣ್ಣ ಮನೆಗಳಿದ್ದವು, ಮರದಲ್ಲಿ ಕೆತ್ತಿದ ಉಗ್ರಮುಖದ ದೇವತಾಮೂರ್ತಿಗಳಿದ್ದವು, ನೈವೇದ್ಯವನ್ನಿಡುವ ಮರದ ಅಟ್ಟಣೆಯಿತ್ತು. ಮರದ ತೊಗಟೆಯಿಂದ ಮಾಡಿದ ಬಟ್ಟೆಯನ್ನು ಸುತ್ತಿದ ಎತ್ತರದ ಗೋಪುರವೊಂದಿತ್ತು, ದೇವರ ನುಡಿಯನ್ನು ಪುರೋಹಿತರು ಕೇಳುತ್ತಿದ್ದುದು ಅಲ್ಲಿ. ಹೇಯಿಯಾವುಗಳಲ್ಲಿಯೂ ಬೇರೆ ಬೇರೆ ಜಾತಿಗಳುಂಟು: ಬೆಳೆಗೆ, ಮೀನಿಗೆ, ಚಿಕಿತ್ಸೆಗೆ. ಪುಉಕೊಹೊಲಾ ಅವುಗಳಲ್ಲಿ ಅತ್ಯುಗ್ರವಾದ ಲುವಕಿನಿ ವರ್ಗಕ್ಕೆ ಸೇರಿದುದು. ಅರಸನು ಮಾತ್ರ ಕಟ್ಟಿಸಬಹುದಾದುದು, ಯುದ್ಧದೇವತೆಗೆ ಮೀಸಲಾದುದು, ನರಬಲಿಯನ್ನು ಬೇಡುವಂಥದು.

ಕಟ್ಟಿಸಿದವನು ಕಮೇಹಮೇಹ. ಹವಾಯಿಯ ಚರಿತ್ರೆಯಲ್ಲಿ ಅವನ ಹೆಸರಿಗೆ ಸಮನಾದ ಇನ್ನೊಂದು ಹೆಸರಿಲ್ಲ. 1782ರಲ್ಲಿ ಮುದಿ ಅರಸ ಕಲನಿಓಪುಉ ತೀರಿಕೊಂಡಾಗ ರಾಜ್ಯ ಮಗನಿಗೆ ಹೋಯಿತು. ಕೂಕಾಇಲಿಮೊಕು ಎಂಬ ಯುದ್ಧದೇವತೆ ಮಾತ್ರ ಸೋದರಳಿಯನಾದ ಕಮೇಹಮೇಹನ ಪಾಲಿಗೆ ಬಂದಿತು. ಆ ದೇವರ ಹೆಸರಿಗೆ ನಾಡನ್ನು ಕಸಿಯುವವನು ಎಂದು ಅರ್ಥ ಹೇಳುತ್ತಾರೆ. ರಾಜ್ಯ ಒಬ್ಬನಿಗೆ, ರಾಜ್ಯ ಕಸಿಯುವ ದೇವರು ಇನ್ನೊಬ್ಬನಿಗೆ. ಮುಂದೇನಾಗಬೇಕೋ ಅದೇ ಆಯಿತು. ಮಗ ಕೀವಲಾಓ ಅದೇ ವರ್ಷ ಯುದ್ಧದಲ್ಲಿ ಸತ್ತ. ಅವನ ಮಲಸಹೋದರ ಕೆಯೋವ ದ್ವೀಪದ ದಕ್ಷಿಣ ಭಾಗದ ಕಾಊ ಪ್ರಾಂತವನ್ನು ಹಿಡಿದುಕೊಂಡು, ಎಂಟು ವರ್ಷ ಕಳೆದರೂ ಬಗ್ಗಲಿಲ್ಲ. 1790ರಲ್ಲಿ ಕಮೇಹಮೇಹ ಮೌಯಿ ದ್ವೀಪದ ಮೇಲೆ ದಂಡೆತ್ತಿ ಹೋಗಿದ್ದಾಗ ಅವನ ಊರುಗಳನ್ನೇ ಕೊಳ್ಳೆಹೊಡೆದ.

ಆಗ ಕಮೇಹಮೇಹ ತನ್ನ ಅತ್ತೆಯನ್ನು ಕವಾಯಿ ದ್ವೀಪದ ಕಪೌಕಾಹಿ ಎಂಬ ಪುರೋಹಿತನ ಬಳಿಗೆ ಕಳುಹಿಸಿದ. ತಿಮಿಂಗಿಲ ಗುಡ್ಡದ ಮೇಲೆ ಯುದ್ಧದೇವತೆಗೆ ದೊಡ್ಡ ದೇಗುಲ ಕಟ್ಟಿದರೆ ಎಲ್ಲ ದ್ವೀಪಗಳೂ ನಿನ್ನವಾಗುತ್ತವೆ ಎಂದು ಅಪ್ಪಣೆಯಾಯಿತು. 1790ರಲ್ಲಿ ಕೆಲಸ ಮೊದಲಾಯಿತು, 1791ರ ಬೇಸಗೆಗೆ ಮುಗಿಯಿತು. ನೀರಿನಲ್ಲಿ ಉರುಳಿ ನುಣುಪಾದ ಕಲ್ಲೇ ಬೇಕು. ಅದು ಸಿಗುವುದು ಬೆಟ್ಟದಾಚೆಯ ಪೊಲೊಲೂ ಕಣಿವೆಯಲ್ಲಿ, ಇಪ್ಪತ್ತು ಮೈಲಿಗೂ ಹೆಚ್ಚು ದೂರ. ಸಾವಿರಾರು ಜನ ಸಾಲಾಗಿ ನಿಂತು ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿದರೆಂದು ಪರಂಪರೆಯ ಮಾತು. ಬೆಟ್ಟ ಹತ್ತಿ ಇಳಿದು ಇಪ್ಪತ್ತು ಮೈಲಿ ಹಬ್ಬಿದ ಮನುಷ್ಯರ ಒಂದು ಸರಪಳಿ! ಆಮೇಲೆ ಆ ಗೋಡೆಯನ್ನು ನೋಡಿದಾಗ ಕೆತ್ತನೆ ಯಾಕಿಲ್ಲ ಎಂಬ ಪ್ರಶ್ನೆ ನನ್ನಲ್ಲಿ ಏಳಲಿಲ್ಲ. ಒಂದೊಂದು ಕಲ್ಲೂ ಎಷ್ಟು ಕೈಗಳನ್ನು ಮುಟ್ಟಿ ಬಂದಿದೆಯೋ ಲೆಕ್ಕವಿಲ್ಲ.

ಈ ಸಂದರ್ಭದ ಒಂದು ಕಥೆಯನ್ನು ವೃದ್ಧರು ಹೇಳಿದರು. ಪುಸ್ತಕಗಳಲ್ಲಿಯೂ ಅದು ದಾಖಲಾಗಿದೆ. ಅರಸನಾದಿಯಾಗಿ ಎಲ್ಲರೂ ಕಲ್ಲು ಹೊರುತ್ತಿದ್ದರು. ಅರಸನ ತಮ್ಮ ಕೆಲಿಇಮೈಕಾಇ ಸುಮ್ಮನೆ ನಿಂತಿರಲಾರದೆ ತಾನೂ ಒಂದು ಕಲ್ಲನ್ನೆತ್ತಿ ಹೆಗಲಿಗೇರಿಸಿದ. ಕಮೇಹಮೇಹ ಓಡಿ ಬಂದು ಅದನ್ನು ಕಿತ್ತುಕೊಂಡ. ಕಲ್ಲು ಹೊರುವವರೆಲ್ಲ ವ್ರತಕ್ಕೆ ಭಂಗ ತಂದುಕೊಂಡಿರುತ್ತಾರೆ; ಯಾರಾದರೊಬ್ಬರು ಶುದ್ಧರಾಗಿ ಉಳಿಯಬೇಕಲ್ಲ, ಅದು ನೀನು, ಎಂದ. ತಮ್ಮ ಮುಟ್ಟಿದ ಆ ಕಲ್ಲನ್ನು ದೋಣಿಯಲ್ಲಿಟ್ಟು, ದಡ ಕಣ್ಮರೆಯಾಗುವಷ್ಟು ದೂರ ಒಯ್ದು, ಆಳ ಸಮುದ್ರದಲ್ಲಿ ಮುಳುಗಿಸಿದರಂತೆ.

ಕಪು ಎಂಬುದು ಈ ಎಲ್ಲದರ ಹಿಂದಿನ ಮಾತು. ಇಂಗ್ಲಿಷಿಗೆ ಟ್ಯಾಬೂ ಎಂದು ಹೋದ ಟೋಂಗಾ ದ್ವೀಪಗಳ ಶಬ್ದವೂ ಇದೂ ಒಂದೇ ಮೂಲದವು. ಮಡಿ ಎಂದು ಅನುವಾದಿಸಿದರೆ ಅರ್ಧ ಅರ್ಥ ಬರುತ್ತದೆ, ನಿಷೇಧ ಎಂದರೆ ಇನ್ನರ್ಧ. ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತು ಉಣ್ಣುವಂತಿರಲಿಲ್ಲ. ಹಂದಿಮಾಂಸ, ತೆಂಗಿನಕಾಯಿ ಮತ್ತು ಬಹುಪಾಲು ಬಾಳೆಯ ಜಾತಿಗಳು ಹೆಂಗಸರಿಗೆ ನಿಷಿದ್ಧ. ಮುರಿದವರಿಗೆ ಮರಣ. ಇದನ್ನು ಕೇಳಿ ನನ್ನ ತಂಗಿ, "ಈ ಮಡಿಯೆಲ್ಲ ನಮಗೂ ಹೊಸದಲ್ಲ ಬಿಡು" ಎಂದು ಕನ್ನಡದಲ್ಲಿ ಗೊಣಗಿದಳು. ಏನೆಂದಳೆಂದು ವೃದ್ಧರು ಕೇಳಿದರು; ಅನುವಾದಿಸುವ ಧೈರ್ಯ ನನಗಾಗಲಿಲ್ಲ.

ದಾರಿ ಗುಡ್ಡವನ್ನು ಬಳಸಿ ಸಮುದ್ರದ ಕಡೆಗೆ ಇಳಿಯುತ್ತದೆ. ಕೆಳಗೆ ಮೈಲೆಕಿನಿ ಎಂಬ ಇನ್ನೂ ಹಳೆಯ ಒಂದು ಹೇಯಿಯಾವು ಇದೆ. ಕಮೇಹಮೇಹನ ಕಾಲದಲ್ಲಿಯೇ ಜಾನ್ ಯಂಗ್ ಎಂಬ ಇಂಗ್ಲಿಷ್ ನಾವಿಕ ಅದನ್ನು ಫಿರಂಗಿಗಳ ಕೋಟೆಯಾಗಿ ಮಾರ್ಪಡಿಸಿದ. 1790ರಲ್ಲಿ ಹಡಗಿನಿಂದಿಳಿದು ಸೆರೆಸಿಕ್ಕಿದವನು, ಅರಸನ ಸಲಹೆಗಾರನಾಗಿ, ಹವಾಯಿಯವನೇ ಆಗಿ, 1835ರಲ್ಲಿ ಅಲ್ಲಿಯೇ ಸತ್ತ. ಅವನ ಮೊಮ್ಮಗಳು ಎಮ್ಮಾ ರಾಣಿಯಾದಳು. ಅದಕ್ಕೂ ಕೆಳಗೆ, ಕಡಲಿನಲ್ಲಿ, ಶಾರ್ಕ್ ದೇವತೆಗಳ ಹೇಯಿಯಾವು ಮುಳುಗಿದೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ನೀರಿಳಿದಾಗ ಅದರ ಕಲ್ಲು ಕಾಣುತ್ತಿತ್ತಂತೆ. ಈಗ ಹೂಳು ಮುಚ್ಚಿದೆ. ಸೋದರ ಸೊಸೆ ಕೈಚಾಚಿ ತೋರಿಸಿದ ಕಡೆ ನೋಡಿದೆ. ನೀರಿನ ಬಣ್ಣದ ಹೊರತು ಏನೂ ಕಾಣಲಿಲ್ಲ.

ಆ ಕೆಳಗಿನಿಂದ ತಿರುಗಿ ಮೇಲೆ ನೋಡಬೇಕು. ಬೆಟ್ಟದ ಕಡೆಗೆ ಎತ್ತರದ ಗೋಡೆ. ಸಮುದ್ರದ ಕಡೆಗೆ ಗೋಡೆಯೇ ಇಲ್ಲ, ವೇದಿಕೆ ಮೆಟ್ಟಿಲು ಮೆಟ್ಟಿಲಾಗಿ ತೆರೆದುಕೊಂಡಿದೆ. ದೋಣಿಯಲ್ಲಿ ಬರುವವನಿಗೆ ಒಳಗಿನದೆಲ್ಲ ಕಾಣುವಂಥ ರಚನೆ ಅದು.

1791ರಲ್ಲಿ ಹಾಗೆ ದೋಣಿಯಲ್ಲಿ ಬಂದವನು ಕೆಯೋವ. ಹಿಂದಿನ ವರ್ಷವಷ್ಟೇ ಕೀಲವೇಯ ಜ್ವಾಲಾಮುಖಿ ಸಿಡಿದು ಅವನ ಸೈನ್ಯದ ಒಂದು ತುಕಡಿ ದಾರಿಯಲ್ಲಿಯೇ ನಾಶವಾಗಿತ್ತು; ದೇವಿ ಪೆಲೆ ತನ್ನ ಕೈಬಿಟ್ಟಳೆಂಬ ಮಾತು ಹಬ್ಬಿತ್ತು. ದೇಗುಲದ ಪ್ರತಿಷ್ಠೆಗೆ ಬಾ ಎಂದು ದಾಯಾದಿಯಿಂದ ಆಹ್ವಾನ ಬಂತು. ಬಂದರೆ ಏನಾಗುವುದೆಂದು ಅವನಿಗೆ ತಿಳಿಯದೆ ಇದ್ದಿತೆ? ತಿಳಿದಿತ್ತೆಂದೇ ಪರಂಪರೆ ಹೇಳುತ್ತದೆ. ಜೊತೆಗೆ ಸಾಯಲು ತಕ್ಕವರನ್ನು ತನ್ನ ದೋಣಿಗೆ ಆರಿಸಿಕೊಂಡನಂತೆ. ಆ ಕೊಲ್ಲಿಯಲ್ಲಿ, ಗುಡ್ಡದ ಮೇಲೆ ಹೊಸ ದೇಗುಲ ಕಾಣುತ್ತಿರುವಾಗ, ದಡಕ್ಕೆ ಕಾಲಿಡುವುದರೊಳಗೆ ಕಮೇಹಮೇಹನ ಸರದಾರ ಕೆಯೇಔಮೊಕುವಿನ ಈಟಿಗೆ ಬಿದ್ದ. ಸಂಗಡಿಗರೂ ಸತ್ತರು. ಎರಡನೆಯ ದೋಣಿಯಲ್ಲಿದ್ದವರನ್ನು ಕಮೇಹಮೇಹ ಉಳಿಸಿದ. ಕೆಯೋವನ ದೇಹ ದೇಗುಲದ ಮೊದಲ ಮಹಾಬಲಿಯಾಯಿತು. ಅರಸನ ಆಜ್ಞೆಯಿಂದಲೇ ಕೊಲೆಯಾಯಿತೆ, ಸರದಾರನ ಅತ್ಯುತ್ಸಾಹವೆ ಎಂಬ ವಾದ ಇಂದಿಗೂ ಮುಗಿದಿಲ್ಲ.

ಎರಡನೆಯ ವರ್ಷದ ತರಗತಿಗೆ ನಾನು ಜನ್ನನ ಯಶೋಧರ ಚರಿತೆಯನ್ನು ಪಾಠ ಹೇಳುತ್ತೇನೆ. ಮಾರಿಯ ಗುಡಿಗೆ ಬಲಿಯಾಗಿ ಎಳೆತಂದ ಇಬ್ಬರು ಮಕ್ಕಳು ತಮ್ಮ ಕಥೆ ಹೇಳುತ್ತಾರೆ, ಎತ್ತಿದ ಕತ್ತಿ ನಿಲ್ಲುತ್ತದೆ. ಇಲ್ಲಿ ಕಥೆ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಆ ಬಲಿಯ ಫಲವೋ, ಯಂಗನ ಫಿರಂಗಿಗಳ ಫಲವೋ, 1795ರಲ್ಲಿ ಮೌಯಿ, ಮೊಲೊಕಾಇ, ಒವಾಹು ದ್ವೀಪಗಳು ಕಮೇಹಮೇಹನ ವಶವಾದವು. 1810ರಲ್ಲಿ ಕವಾಯಿಯ ಅರಸ ಯುದ್ಧವಿಲ್ಲದೆ ಒಪ್ಪಿದ. ಪುರೋಹಿತನ ನುಡಿ ನಡೆಯಿತು.

"ನಮ್ಮ ತಾಯಿಯ ಕಡೆಯವರು ಕಾಊ ಪ್ರಾಂತದವರು" ಎಂದರು ವೃದ್ಧರು, ಕಲ್ಲೊಂದರ ಮೇಲೆ ಕುಳಿತುಕೊಳ್ಳುತ್ತ. ಆ ಮಾತನ್ನು ಅವರು ಅಷ್ಟು ಹೊತ್ತು ಯಾಕೆ ತಡೆದಿದ್ದರೆಂದು ನನಗೆ ಆಗ ತಿಳಿಯಿತು. "ಅಜ್ಜಿ ಈ ರಸ್ತೆಯಲ್ಲಿ ಹೋಗುವಾಗ ಗುಡ್ಡದ ಕಡೆ ಮುಖ ಮಾಡುತ್ತಿರಲಿಲ್ಲ. ಸಮುದ್ರ ನೋಡುತ್ತಿದ್ದಳು. ನನಗೂ ಹಾಗೇ ಹೇಳಿಕೊಟ್ಟಿದ್ದಳು. ಐದು ತಲೆಮಾರಾದರೂ ಕಳೆದಿತ್ತು."

"ಮತ್ತೆ ನೀವು ಇಲ್ಲಿಗೆ ಬಂದದ್ದು?"

"1991ರಲ್ಲಿ."

ಆ ವರ್ಷದ ಆಗಸ್ಟಿನಲ್ಲಿ, ದೇಗುಲಕ್ಕೆ ಇನ್ನೂರು ವರ್ಷ ತುಂಬಿದಾಗ, ಕಮೇಹಮೇಹನ ವಂಶದವರೂ ಕೆಯೋವನ ವಂಶದವರೂ ಈ ಗುಡ್ಡದ ಬುಡದಲ್ಲಿ ಸೇರಿದರು. ಹೋಓಕುಇಕಾಹಿ ಎಂದು ಆ ವಿಧಿಗೆ ಹೆಸರು. ಒಂದಾಗಿಸುವುದು, ರಾಜಿಯಾಗುವುದು ಎಂದು ಅರ್ಥ. ಅಂದಿನಿಂದ ಪ್ರತಿ ಆಗಸ್ಟಿನಲ್ಲಿ ಜನ ಸೇರುತ್ತಾರೆ, ಕಾಣಿಕೆ ತರುತ್ತಾರೆ, ಹಳೆಯ ಮಂತ್ರಗಳನ್ನು ಹೇಳುತ್ತಾರೆ. ಆ ದಿನ ಏನು ಮಾಡಿದಿರಿ ಎಂದು ಕೇಳಿದೆ. "ತುಂಬ ಹೊತ್ತು ನಿಂತಿದ್ದೆ. ಮೊದಲ ಸಲ ನೇರವಾಗಿ ಮೇಲೆ ನೋಡಿದೆ" ಎಂದರು. ಅದಕ್ಕಿಂತ ಹೆಚ್ಚಿನದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟೆಲ್ಲ ರಕ್ತ ಕೊಟ್ಟು ಕಟ್ಟಿದ ದೇವರು ಎಷ್ಟು ವರ್ಷ ಬಾಳಿದ ಗೊತ್ತೆ? ಇಪ್ಪತ್ತೆಂಟು. 1819ರ ಮೇ 8ರಂದು ಕಮೇಹಮೇಹ ಸತ್ತ. ಮಗ ಲಿಹೊಲಿಹೊ ಇದೇ ಕವೈಹಾಯೆಗೆ ಬಂದು, ಈ ದೇಗುಲದ ನೆರಳಿನಲ್ಲಿ ಕೆಲವು ತಿಂಗಳಿದ್ದು, ನವೆಂಬರಿನಲ್ಲಿ ಕೈಲುವಾಗೆ ಹೋಗಿ, ಹೆಂಗಸರ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದ. ಕಪು ಮುರಿಯಿತು. ಹಿಂದೆ ನಿಂತು ಮಾಡಿಸಿದವರು ಅವನ ತಾಯಿ ಕೆಓಪುವೊಲಾನಿ ಮತ್ತು ತಂದೆಯ ಪ್ರಿಯ ರಾಣಿ ಕಾಹುಮಾನು. ಆ ಕಾಹುಮಾನು ಯಾರ ಮಗಳು? ಕೆಯೋವನನ್ನು ಈಟಿಯಿಂದ ತಿವಿದ ಕೆಯೇಔಮೊಕುವಿನ ಮಗಳು! ಚರಿತ್ರೆ ಹೀಗೂ ಹೆಣೆದುಕೊಳ್ಳುತ್ತದೆ. ದೇಗುಲಗಳನ್ನು ಕೆಡವಿ ಮೂರ್ತಿಗಳನ್ನು ಸುಡಬೇಕೆಂದು ಆಜ್ಞೆಯಾಯಿತು. ಮಹಾಪುರೋಹಿತ ಹೇವಹೇವನೇ ಅದಕ್ಕೆ ಕೈಹಾಕಿದ. ಹಳೆಯ ದೇವರುಗಳ ಪರವಾಗಿ ಕತ್ತಿ ಹಿಡಿದ ಕೆಕುವಓಕಲಾನಿ, ಅವನ ಪಕ್ಕದಲ್ಲಿಯೇ ಹೋರಾಡಿದ ಹೆಂಡತಿ ಮನೋನೊ, ಡಿಸೆಂಬರಿನಲ್ಲಿ ಕುವಮೋಒ ಎಂಬಲ್ಲಿ ಒಟ್ಟಿಗೆ ಸತ್ತರು.

ಕ್ರೈಸ್ತ ಪ್ರಚಾರಕರು ಬಂದು ಎಲ್ಲ ಕೆಡಿಸಿದರು ಎಂದು ನಾನು ತಿಳಿದಿದ್ದೆ. ನಡೆದುದು ಹಾಗಲ್ಲ. ಅವರ ಮೊದಲ ಹಡಗು ಥ್ಯಾಡಿಯಸ್ ಇದೇ ಕವೈಹಾಯೆಯ ಮುಂದೆ ಕಾಣಿಸಿಕೊಂಡುದು 1820ರ ಮಾರ್ಚ್ 30ರಂದು. ಆ ವೇಳೆಗೆ ಗುಡ್ಡದ ಮೇಲೆ ಬರಿಯ ಕಲ್ಲು ಉಳಿದಿತ್ತು. ಕೆಡಿಸುವ ಕೆಲಸ ಆಮೇಲೆ ಬೇರೆ ಬಗೆಯಲ್ಲಿ ನಡೆಯಿತು. 1893ರಲ್ಲಿ ರಾಣಿಯನ್ನು ಪದಚ್ಯುತಗೊಳಿಸಿದರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮವಾಗಬೇಕೆಂದು ಕಾನೂನು ಬಂತು. 1898ರಲ್ಲಿ ದ್ವೀಪಗಳು ಅಮೆರಿಕೆಗೆ ಸೇರಿದವು. ನರಬಲಿ ಬೇಡುವ ದೇವರು ಹೋದುದಕ್ಕೆ ನಾನು ಅಳಲಾರೆ. ಭಾಷೆ ಹೋಗುತ್ತಿದ್ದುದು ಬೇರೆ ಮಾತು. "ಅಜ್ಜಿಗೆ ಪೂರ್ತಿ ಬರುತ್ತಿತ್ತು, ತಾಯಿಗೆ ಅರ್ಧ, ನನಗೆ ಕೆಲವು ಹಾಡು. ನನ್ನ ಮೊಮ್ಮಗನಿಗೆ ಮತ್ತೆ ಪೂರ್ತಿ ಬರುತ್ತದೆ" ಎಂದು ವೃದ್ಧರು ಬೆರಳೆಣಿಸಿ ಹೇಳಿದರು. 1978ರಲ್ಲಿ ಹವಾಯಿ ಭಾಷೆ ರಾಜ್ಯದ ಅಧಿಕೃತ ಭಾಷೆಗಳಲ್ಲೊಂದಾಯಿತು. 1984ರಿಂದ ಅದೇ ಮಾಧ್ಯಮದ ಶಿಶುವಿಹಾರಗಳು, ಆಮೇಲೆ ಶಾಲೆಗಳು ಬಂದವು. ಸ್ವರದಲ್ಲಿಯೇ ಕೊನೆಗೊಳ್ಳುವ ಭಾಷೆ ಅದು, ನಮ್ಮ ಹೊಸಗನ್ನಡದ ಹಾಗೆ. ಇಬ್ಬರು ಹೆಣ್ಣುಮಕ್ಕಳು ದೂರದಲ್ಲಿ ಮಾತನಾಡುತ್ತಿದ್ದುದನ್ನು ಅರ್ಥವಿಲ್ಲದೆ ಕೇಳಿದಾಗ ಎಲ್ಲಿಯೋ ಕೇಳಿದ ದನಿಯೆನಿಸಿದ್ದು ಅದಕ್ಕೇ ಇರಬೇಕು.

ಕಲ್ಲುಗಳ ಮಾತಿಗೆ ಬರುತ್ತೇನೆ. 2006ರ ಅಕ್ಟೋಬರ್ 15ರ ಬೆಳಿಗ್ಗೆ ದ್ವೀಪ ನಡುಗಿತು. 6.7 ಪ್ರಮಾಣದ ಭೂಕಂಪ. ಪುಉಕೊಹೊಲಾದ ಗೋಡೆಗಳು ಹಲವೆಡೆ ಜರಿದವು. ಸಿಮೆಂಟು ಸುರಿದು ಭದ್ರಪಡಿಸುವುದು ಸುಲಭವಾಗಿತ್ತು, ಅದನ್ನು ಮಾಡಲಿಲ್ಲ. ಹಳೆಯ ಕ್ರಮದಲ್ಲಿಯೇ, ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಮತ್ತೆ ಕಟ್ಟಿದರು. ಈ ವೃದ್ಧರ "ಕೆಲಸ" ಅದೇ. ಹೇಗೆ ಕೂಡಿಸುತ್ತೀರಿ ಎಂದು ಕೇಳಿದೆ. ದಾರಿಬದಿಯಿಂದ ಮೂರು ಕಲ್ಲು ಆರಿಸಿ ತೋರಿಸಿದರು. ಕಲ್ಲಿನ ಅಂದದ ಮುಖವನ್ನು ಹೊರಗೆ ಮಾಡುವುದಲ್ಲ; ಉದ್ದವನ್ನು ಗೋಡೆಯ ಒಳಕ್ಕೆ ಚಾಚಿಸಬೇಕು, ಹೊರಗೆ ಕಾಣುವುದು ತುದಿ ಮಾತ್ರ. ಒಂದರ ಭಾರ ಎರಡರ ಮೇಲೆ. ಅಲುಗಿದರೆ ಸುತ್ತಿಗೆಯಿಂದ ಒಡೆಯುವುದಿಲ್ಲ. ಅದನ್ನು ಬದಿಗಿಟ್ಟು ಬೇರೆಯದನ್ನು ಹುಡುಕಬೇಕು. "ಅವಸರ ಮಾಡಿದ ದಿನ ಕಟ್ಟಿದ್ದು ಮರುದಿನ ಬಿದ್ದಿರುತ್ತಿತ್ತು" ಎಂದು ನಕ್ಕರು. ತೋರಿಸಿ ಮುಗಿದ ಮೇಲೆ ಮೂರು ಕಲ್ಲುಗಳನ್ನೂ ತೆಗೆದ ಜಾಗದಲ್ಲಿಯೇ ಇಟ್ಟರು.

ಹೊರಡುವ ಮುನ್ನ, ಯಾವ ಊರಿನವರು ಎಂದು ಕೇಳಿದರು. ಕೋಲಾರದ ಕಡೆಯವನು ಎಂದರೆ ಯಾರಿಗೆ ತಿಳಿದೀತು? ಪರದೇಶದಲ್ಲಿ ಎಲ್ಲರೂ ಹೇಳುವಂತೆ "ಬೆಂಗಳೂರು" ಎಂದೆ. ಅವರ ಮುಖ ಸ್ವಲ್ಪ ಬದಲಾಯಿತು. "ಓ, ಕನ್ನಡಿಯ ಊರು" ಎಂದರು.

ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕು. ಮೌನ ಕೇಯ ಹವಾಯಿ ಜನರಿಗೆ ದೇವಭೂಮಿ. 4,205 ಮೀಟರ್ ಎತ್ತರದ ಅದರ ನೆತ್ತಿಯಲ್ಲಿ ಈಗಾಗಲೇ ಹಲವು ದೇಶಗಳ ದೂರದರ್ಶಕಗಳಿವೆ. ಅಲ್ಲಿಯೇ ಮೂವತ್ತು ಮೀಟರ್ ಅಗಲದ ಕನ್ನಡಿಯುಳ್ಳ ಹೊಸದೊಂದನ್ನು ಸ್ಥಾಪಿಸುವ ಯೋಜನೆಯಲ್ಲಿ ಭಾರತವೂ ಪಾಲುದಾರ. ಬೆಂಗಳೂರಿನ ತಾರಾಭೌತ ಸಂಸ್ಥೆ ನಮ್ಮ ದೇಶದ ಪರವಾಗಿ ಮುಂದಾಳು. ಆ ಕನ್ನಡಿ 492 ತುಂಡುಗಳಿಂದ ಕೂಡಿದುದು. ಅವುಗಳಲ್ಲಿ ಕೆಲವನ್ನು ಉಜ್ಜಿ ನಯಗೊಳಿಸುವ ಏರ್ಪಾಡು ನಮ್ಮ ಹೊಸಕೋಟೆಯಲ್ಲಿದೆ. ಕೋಲಾರಕ್ಕೆ ಹೋಗುತ್ತ ಬರುತ್ತ ಆ ಊರನ್ನು ನಾನು ಸಾವಿರ ಸಲ ದಾಟಿದ್ದೇನೆ. ಪತ್ರಿಕೆಯಲ್ಲಿ ಆ ಸುದ್ದಿ ಓದಿ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದ್ದೂ ಉಂಟು. 2019ರ ಜುಲೈಯಲ್ಲಿ ಕೆಲಸ ಮೊದಲಾಗಬೇಕೆಂದಾಗ ಹವಾಯಿಯ ಹಿರಿಯರು ಬೆಟ್ಟದ ದಾರಿಗೆ ಅಡ್ಡಲಾಗಿ ಕುಳಿತರು. 17ರಂದು ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಕೆಲಸ ನಿಂತಿತು. ಇದನ್ನು ಬರೆಯುವ ಹೊತ್ತಿಗೂ ಆ ದೂರದರ್ಶಕ ಅಲ್ಲಿ ಏರಿಲ್ಲ.

"ನೀವೂ ಕುಳಿತಿದ್ದಿರಾ?" ಎಂದು ಕೇಳಿದೆ.

"ಕುಳಿತಿದ್ದೆ. ಬಹಳ ಚಳಿ." ಸ್ವಲ್ಪ ಹೊತ್ತು ಬಿಟ್ಟು ಅಂದರು: "ನಕ್ಷತ್ರ ನೋಡಬಾರದು ಎಂದು ಯಾರೂ ಹೇಳುವುದಿಲ್ಲ. ನಕ್ಷತ್ರ ನೋಡಿಕೊಂಡೇ ನಮ್ಮವರು ದೋಣಿಯಲ್ಲಿ ಇಲ್ಲಿಗೆ ಬಂದದ್ದು. ಕೇಳದೆ ಹತ್ತುತ್ತಾರೆ, ಅದಕ್ಕೆ."

ನನ್ನ ತಂಗಿ ದೂರ ಸರಿದು ಸಮುದ್ರ ನೋಡುತ್ತ ನಿಂತಳು. ಅವಳ ಮನೆಯ ಅನ್ನ ಆ ಬೆಟ್ಟದ್ದು. ಗಂಡನ ಸಹೋದ್ಯೋಗಿಗಳಲ್ಲಿ ಹವಾಯಿಯವರೂ ಇದ್ದಾರೆ. ಆ ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದ ವಾರಗಳಿದ್ದವಂತೆ. ಯಾರು ಸರಿ ಎಂದು ನಾನು ಹೇಳಲಾರೆ. ಹಾಳು ದೇಗುಲಕ್ಕೆ ದಾರಿ ಯಾವುದು ಎಂದು ಬೆಳಿಗ್ಗೆಯಷ್ಟೆ ಕೇಳಿದವನಿಗೆ ಆ ಅಧಿಕಾರವೂ ಇಲ್ಲ. ಆ ವೃದ್ಧರಿಗೆ ಉತ್ತರವಾಗಿ ಏನು ಹೇಳಬೇಕೆಂದು ತಿಳಿಯದೆ, "ನಾನು ಕನ್ನಡಿಯವನಲ್ಲ, ಕನ್ನಡದವನು" ಎಂದೆ. ಶ್ಲೇಷೆ ಇಂಗ್ಲಿಷಿನಲ್ಲಿ ಸತ್ತುಹೋಯಿತು. ಸೋದರ ಸೊಸೆ ಮಾತ್ರ ನಕ್ಕು, ಬಿಡಿಸಿ ಹೇಳಿದಳು. ಅವರಿಗೂ ನಗೆ ಬಂತು.

ಅಷ್ಟರಲ್ಲಿ ಅವಳು, "ಮಾಮ, ಅಲ್ಲಿ!" ಎಂದು ಕೂಗಿದಳು. ಚಳಿಗಾಲದಲ್ಲಿ ಅಲಾಸ್ಕದ ಕಡೆಯಿಂದ ತಿಮಿಂಗಿಲಗಳು ಮರಿ ಹಾಕಲು ಈ ನೀರಿಗೆ ಬರುತ್ತವೆ. ದೂರದಲ್ಲಿ, ನೀಲಿಯ ಮೇಲೆ, ಬಿಳಿಯ ಉಸಿರೊಂದು ಎದ್ದು ಗಾಳಿಗೆ ಚದುರಿತು. ಇನ್ನೊಂದು. ವೃದ್ಧರು ಟೋಪಿ ತೆಗೆದು ನೋಡಿದರು. ಗುಡ್ಡಕ್ಕೆ ಆ ಹೆಸರು ಯಾಕೆ ಬಂತೆಂದು ಕೇಳಬೇಕೆಂದಿದ್ದೆ. ಕೇಳುವ ಅಗತ್ಯ ಕಾಣಲಿಲ್ಲ.

ಸಂಜೆ ಭಾವ ಕೆಲಸಕ್ಕೆ ಹೊರಡುವ ಸಿದ್ಧತೆಯಲ್ಲಿದ್ದರು. ರಾತ್ರಿಯೆಲ್ಲ ಕಚೇರಿಯಲ್ಲಿ ಕುಳಿತು, ಬೆಟ್ಟದ ಮೇಲಿನ ಯಂತ್ರಗಳನ್ನು ನೋಡಿಕೊಳ್ಳುವ ಸರದಿ. "ಹೇಗಿತ್ತು? ಮೇಲಕ್ಕೆ ಹತ್ತಿದಿರಾ?" ಎಂದು ಕೇಳಿದರು.

"ಹತ್ತುವ ಹಾಗಿಲ್ಲವಂತೆ. ಕೆಳಗಿನಿಂದ ನೋಡಿದೆವು" ಎಂದೆ.

ಭಾವ ತಲೆಯಾಡಿಸಿದರು. ತಂಗಿ ತಟ್ಟೆ ಹಾಕಿದಳು. ಕಿಟಕಿಯಲ್ಲಿ ಮೌನ ಕೇಯದ ನೆತ್ತಿಗೆ ಇನ್ನೂ ಬೆಳಕಿತ್ತು. ಊರಿನ ಮೇಲೆ ಮಂಜು ಇಳಿಯುತ್ತಿತ್ತು. ಅವರು ಊಟ ಮುಗಿಸಿ, ಸ್ವೆಟರ್ ಹಾಕಿಕೊಂಡು, ಹೊರಟರು.